ಬೆಳಿಗ್ಗೆ ಗೇಟ್ ಮುಂದೆಯೇ ಹೋದ ಪಿಕಪ್ ಸಂಜೆ ಯಾಕೆ ಬರುತ್ತದೆ? ಕೊಟ್ಟು ತರುವ ಗಾಡಿಯ ರೂಟ್ ಲೆಕ್ಕ

ಫೆಬ್ರುವರಿ ಬಂತೆಂದರೆ ಕೊಡಗಿನಲ್ಲಿ ಪಿಕಪ್ ಗಾಡಿಗೆ ಬಿಡುವೇ ಇರುವುದಿಲ್ಲ. ಒಂದು ಕಡೆ ರೊಬಸ್ಟಾ ಕಾಫಿ ಕೊಯ್ಲು, ಕಣದಲ್ಲಿ ಒಣಗಿದ ಚೆರಿ, ಅಂದರೆ ಕಾಫಿ ಹಣ್ಣು, ಮೂಟೆ ಕಟ್ಟಿ ಕಾಯುತ್ತಿರುತ್ತದೆ. ಇನ್ನೊಂದು ಕಡೆ ಕಾಫಿ ಗಿಡ ಹೂ ಬಿಡಿಸುವ ಹೂಮಳೆಗೆ ಮುಂಚೆ ತೋಟಕ್ಕೆ ಗೊಬ್ಬರ ಬಂದು ಬೀಳಬೇಕು. ಗೊಬ್ಬರ ಇಳಿಸಿದ ಗಾಡಿ ಖಾಲಿ ವಾಪಸ್ ಹೋಗುತ್ತದೆ. ಚೆರಿ ಒಯ್ಯುವ ಗಾಡಿ ಖಾಲಿ ಬರುತ್ತದೆ. ಎರಡಕ್ಕೂ ಬಾಡಿಗೆ ಕೊಡುವವರು ನಾವೇ. ಅದಕ್ಕೇ ಈ ಸಲ ನಮ್ಮ ಕಡೆಯ ಕೆಲವು ಸಣ್ಣ ಬೆಳೆಗಾರರು ಸೇರಿ ಒಂದೇ ಪಿಕಪ್ ಗೊತ್ತು ಮಾಡಿಕೊಂಡೆವು. ಗೊಬ್ಬರ ತರಬೇಕು, ಅದೇ ಟ್ರಿಪ್‌ನಲ್ಲಿ ಚೆರಿ ಒಯ್ಯಬೇಕು.

ಎರಡನೇ ದಿನವೇ ವಾಟ್ಸಾಪ್ ಗುಂಪಿನಲ್ಲಿ ಮಾತು ಶುರುವಾಯಿತು. ಮೂರ್ನಾಡಿನ ಒಬ್ಬರು ಬರೆದಿದ್ದರು: "ಬೆಳಿಗ್ಗೆ ನಮ್ಮ ಗೇಟ್ ಮುಂದೆಯೇ ಹೋಯ್ತು, ನಿಲ್ಲಿಸಲೇ ಇಲ್ಲ. ಸಂಜೆ ನಾಲ್ಕೂವರೆಗೆ ಬಂದ್ರು. ಹಮಾಲಿಗೆ ಇಟ್ಟುಕೊಂಡ ಇಬ್ಬರು ಆಳು ದಿನವಿಡೀ ಸುಮ್ನೆ ಕೂತಿದ್ರು." ಅವರ ಬೇಸರ ನ್ಯಾಯವಾದದ್ದೇ. ಆದರೆ ಡ್ರೈವರ್ ಮಾಡಿದ್ದೂ ತಪ್ಪಲ್ಲ. ಎರಡೂ ಸರಿ ಹೇಗಾಗುತ್ತದೆ ಅಂತ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಅದೇ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೋಮ್‌ಸ್ಟೇ ನಡೆಸುವವರು, ಮನೆಯಿಂದ ಉಪ್ಪಿನಕಾಯಿ, ವೈನ್, ಜೇನು ಪಾರ್ಸೆಲ್ ಕಳಿಸುವವರು, ಮಕ್ಕಳನ್ನು ಶಾಲೆ ವ್ಯಾನ್‌ಗೆ ಹತ್ತಿಸುವವರು, ಎಲ್ಲರಿಗೂ ಇದು ಒಂದಲ್ಲ ಒಂದು ರೀತಿ ತಾಗುವ ವಿಷಯ.

## ಮೊದಲು ಎರಡು ಮೂರು ಪದ

ಒಂದು ಗಾಡಿ ಒಂದು ಜಾಗದಿಂದ ಹೊರಟು, ಹಲವು ಮನೆಗಳಿಗೆ ಹೋಗಿ, ಮತ್ತೆ ಅದೇ ಜಾಗಕ್ಕೆ ಬರಬೇಕು. ಹೊರಡುವ ಜಾಗಕ್ಕೆ ಡಿಪೋ ಅನ್ನೋಣ. ಅದು ಗೋದಾಮು ಇರಬಹುದು, ಅಂಗಡಿ ಇರಬಹುದು, ಗ್ಯಾಸ್ ಏಜೆನ್ಸಿ ಇರಬಹುದು. ನಡುವೆ ನಿಲ್ಲುವ ಪ್ರತಿಯೊಂದು ಜಾಗವೂ ಒಂದು ಸ್ಟಾಪ್. ಸ್ಟಾಪ್‌ಗಳಿಗೆ ಯಾವ ಕ್ರಮದಲ್ಲಿ ಹೋಗುತ್ತೇವೆ ಅನ್ನುವುದೇ ರೂಟ್. ಗಾಡಿ ಎಷ್ಟು ಹೊರಬಹುದು ಅನ್ನುವುದು ಅದರ ಸಾಮರ್ಥ್ಯ. ಆ ಅಂಕಿ ಗಾಡಿಯ ಆರ್‌ಸಿಯಲ್ಲೇ ಸಿಗುತ್ತದೆ.

ಎಷ್ಟು ಗಾಡಿ ಬೇಕು, ಯಾವ ಗಾಡಿ ಯಾವ ಮನೆಗೆ, ಯಾವ ಕ್ರಮದಲ್ಲಿ, ಒಟ್ಟು ಖರ್ಚು ಕಡಿಮೆ ಆಗುವ ಹಾಗೆ ಹೇಗೆ? ಈ ಪ್ರಶ್ನೆಗೆ ಲೆಕ್ಕದವರು ಇಟ್ಟ ಹೆಸರು ವೆಹಿಕಲ್ ರೂಟಿಂಗ್ ಪ್ರಾಬ್ಲಮ್. ಇದನ್ನು ಮೊದಲು ಗಣಿತದ ರೂಪದಲ್ಲಿ ಬರೆದವರು ಜಾರ್ಜ್ ಡಾಂಟ್ಜಿಗ್ ಮತ್ತು ಜಾನ್ ರ‍್ಯಾಮ್ಸರ್, 1959ರಲ್ಲಿ. ಅವರ ಉದಾಹರಣೆ ಪೆಟ್ರೋಲ್ ಲಾರಿಯದ್ದು: ದೊಡ್ಡ ಟರ್ಮಿನಲ್‌ನಿಂದ ಹಲವು ಬಂಕ್‌ಗಳಿಗೆ ಪೆಟ್ರೋಲ್ ತಲುಪಿಸಬೇಕು. ಅಲ್ಲಿ ಗಾಡಿ ಕೊಡುತ್ತಾ ಮಾತ್ರ ಹೋಗುತ್ತದೆ. ಪ್ರತಿ ಸ್ಟಾಪ್ ಆದಮೇಲೂ ಭಾರ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಹೊರಡುವಾಗ ಸಾಮಾನು ಗಾಡಿಯಲ್ಲಿ ಹಿಡಿಸಿದರೆ ಸಾಕು, ಆಮೇಲೆ ಯಾವ ಕ್ರಮದಲ್ಲಿ ಹೋದರೂ ಜಾಗದ ತೊಂದರೆ ಇಲ್ಲ.

ನಮ್ಮ ಪಿಕಪ್ ಹಾಗಲ್ಲ. ಅದು ಕೊಡುತ್ತಲೂ ಹೋಗಬೇಕು, ತುಂಬಿಸಿಕೊಳ್ಳುತ್ತಲೂ ಹೋಗಬೇಕು. ತೊಡಕು ಇರುವುದೇ ಅಲ್ಲಿ.

## ಪ್ರತಿ ಗೇಟಿನಲ್ಲೂ ಲೋಡ್ ಬದಲಾಗುತ್ತದೆ

ಲೆಕ್ಕ ಸುಲಭ ಮಾಡಲು ನಾಲ್ಕೇ ತೋಟ ಇಟ್ಟುಕೊಳ್ಳೋಣ. ಡಿಪೋ ಮಡಿಕೇರಿಯ ಒಂದು ಗೋದಾಮು. ಪಿಕಪ್ 50 ಕೆಜಿಯ 30 ಮೂಟೆ ಹೊರುತ್ತದೆ ಅಂದುಕೊಳ್ಳಿ. ತೋಟಗಳು ಮೂರ್ನಾಡು, ನಾಪೋಕ್ಲು, ಕಕ್ಕಬ್ಬೆ, ವಿರಾಜಪೇಟೆ ಕಡೆ ಒಂದೊಂದು. ಅಂಕಿಗಳು ಉದಾಹರಣೆಗೆ ನಾನೇ ಇಟ್ಟದ್ದು.

ಮೂರ್ನಾಡು: 6 ಮೂಟೆ ಗೊಬ್ಬರ ಇಳಿಸಬೇಕು, 14 ಮೂಟೆ ಚೆರಿ ಹತ್ತಿಸಬೇಕು.
ನಾಪೋಕ್ಲು: 10 ಇಳಿಸಬೇಕು, 4 ಹತ್ತಿಸಬೇಕು.
ಕಕ್ಕಬ್ಬೆ: 8 ಇಳಿಸಬೇಕು, 9 ಹತ್ತಿಸಬೇಕು.
ವಿರಾಜಪೇಟೆ: 4 ಇಳಿಸಬೇಕು, 3 ಹತ್ತಿಸಬೇಕು.

ಒಟ್ಟು ಗೊಬ್ಬರ 28 ಮೂಟೆ. ಒಟ್ಟು ಚೆರಿ 30 ಮೂಟೆ. ಹೋಗುವಾಗ 28, ಬರುವಾಗ 30. ಗಾಡಿಗೆ ಹಿಡಿಸುವುದು 30. ಹಾಗಾದರೆ ಸರಿ ಹೋಯ್ತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಮಡಿಕೇರಿಯಿಂದ ಹೊರಟರೆ ಮೊದಲು ಸಿಗುವುದು ಮೂರ್ನಾಡು. ಅಲ್ಲಿ ನಿಲ್ಲಿಸಿದರೆ ಏನಾಗುತ್ತದೆ ನೋಡಿ. ಗಾಡಿಯಲ್ಲಿ 28 ಇದೆ. 6 ಇಳಿಸಿದರೆ 22. ಅದಕ್ಕೆ 14 ಚೆರಿ ಸೇರಿಸಿದರೆ 36. ಗಾಡಿ ಹೊರುವುದಕ್ಕಿಂತ 6 ಮೂಟೆ ಜಾಸ್ತಿ. ಮೊದಲ ಗೇಟಿನಲ್ಲೇ ಪ್ಲಾನ್ ನಿಂತುಹೋಯಿತು.

ಈಗ ಮೂರ್ನಾಡನ್ನು ದಾಟಿ ನೇರ ನಾಪೋಕ್ಲಿಗೆ ಹೋಗಿ. 28ರಲ್ಲಿ 10 ಇಳಿಸಿ 4 ಹತ್ತಿಸಿದರೆ 22. ಕಕ್ಕಬ್ಬೆಯಲ್ಲಿ 8 ಇಳಿಸಿ 9 ಹತ್ತಿಸಿದರೆ 23. ಕಡಂಗದ ಮೇಲೆ ವಿರಾಜಪೇಟೆಗೆ ಬಂದು 4 ಇಳಿಸಿ 3 ಹತ್ತಿಸಿದರೆ 22. ಅಲ್ಲಿಂದ ವಾಪಸ್ ಬರುವ ದಾರಿಯಲ್ಲಿ ಮತ್ತೆ ಮೂರ್ನಾಡು ಸಿಗುತ್ತದೆ. ಅಲ್ಲಿ 6 ಇಳಿಸಿ 14 ಹತ್ತಿಸಿದರೆ ಸರಿಯಾಗಿ 30. ಒಂದು ಮೂಟೆಯೂ ಹೆಚ್ಚಿಲ್ಲ.

ಅದೇ ನಾಲ್ಕು ತೋಟ, ಅದೇ ರಸ್ತೆ, ಅದೇ ಗಾಡಿ. ಕ್ರಮ ಬದಲಾಯಿಸಿದ್ದಷ್ಟೇ. ಮೂರ್ನಾಡಿನ ಗೇಟ್ ಮುಂದೆ ಬೆಳಿಗ್ಗೆ ಗಾಡಿ ನಿಲ್ಲದೆ ಹೋದದ್ದಕ್ಕೆ ಇದೇ ಕಾರಣ.

ನಾಲ್ಕು ತೋಟಗಳನ್ನು ಒಟ್ಟು 24 ಕ್ರಮದಲ್ಲಿ ಜೋಡಿಸಬಹುದು. ಒಂದೊಂದಾಗಿ ಬರೆದು ನೋಡಿದೆ. ಅದರಲ್ಲಿ ಎಲ್ಲೂ 30 ದಾಟದೆ ಮುಗಿಯುವುದು 9 ಮಾತ್ರ. ಆ 9ರಲ್ಲೂ ಕೆಲವು ಸುಮ್ನೆ ಅತ್ತಿಂದಿತ್ತ ಓಡಿಸುವಂಥವು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದೇ ಸುತ್ತನ್ನು ಉಲ್ಟಾ ಮಾಡಿ, ಮೊದಲು ವಿರಾಜಪೇಟೆ, ಆಮೇಲೆ ಕಕ್ಕಬ್ಬೆ, ನಾಪೋಕ್ಲು, ಕೊನೆಗೆ ಮೂರ್ನಾಡು ಅಂತ ಹೋದರೂ ಲೆಕ್ಕ ಕೂಡುತ್ತದೆ. ಆಗ ಗಾಡಿಯಲ್ಲಿ ಇರುವ ಮೂಟೆ 27, 28, 22, 30 ಹೀಗೆ ಸಾಗುತ್ತದೆ. ನಾಪೋಕ್ಲು ಮೊದಲು ಮಾಡಿದರೆ 22, 23, 22, 30. ಓಡುವ ದಾರಿ ಅಷ್ಟೇ ಇದ್ದರೂ, ನಾಪೋಕ್ಲಿನಿಂದ ಶುರು ಮಾಡಿದರೆ ಬಹುಪಾಲು ದಾರಿ ಗಾಡಿ ಹಗುರವಾಗಿರುತ್ತದೆ. ಏರು ಇಳಿಜಾರು ಇರುವ ನಮ್ಮ ರಸ್ತೆಯಲ್ಲಿ ಐದಾರು ಮೂಟೆ ಕಡಿಮೆ ಇದ್ದರೆ ಡೀಸೆಲ್‌ಗೂ ಒಳ್ಳೆಯದು, ಬ್ರೇಕಿಗೂ ಒಳ್ಳೆಯದು.

ಮೂರ್ನಾಡಿನಲ್ಲಿ ಬೆಳಿಗ್ಗೆ ಗೊಬ್ಬರ ಇಳಿಸಿ, ಸಂಜೆ ಚೆರಿ ಹತ್ತಿಸಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಮಾಡಬಹುದು. ಲೆಕ್ಕವೂ ಕೂಡುತ್ತದೆ: 22, 16, 17, 16, ಕೊನೆಗೆ 30. ಗಾಡಿ ಇನ್ನೂ ಹಗುರ. ಆದರೆ ಒಂದೇ ತೋಟಕ್ಕೆ ಎರಡು ಸಲ ನಿಲ್ಲಬೇಕು. ಗೇಟ್ ತೆಗೆಸಬೇಕು, ಕಣದವರೆಗೆ ಒಳಗೆ ಹೋಗಬೇಕು, ಹಗ್ಗ ಬಿಚ್ಚಿ ಟಾರ್ಪಾಲ್ ಸರಿಸಬೇಕು, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಸಹಿ ಹಾಕಿಸಬೇಕು. ಗೇಟಿನಿಂದ ಕಣ ದೂರ ಇರುವ ತೋಟವಾದರೆ ಇದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ರಸ್ತೆ ಪಕ್ಕದಲ್ಲೇ ಶೆಡ್ ಇದ್ದರೆ ಎರಡು ಸಲ ನಿಲ್ಲುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

## ಕೊಟ್ಟು ತರುವುದರಲ್ಲೂ ಮೂರು ಥರ

ಎಲ್ಲಾ ಕೊಟ್ಟು ತರುವ ಕೆಲಸವೂ ಒಂದೇ ಅಲ್ಲ. ಯಾವ ಥರದ್ದು ಅಂತ ಮೊದಲು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೊದಲನೆಯದು, ಎಲ್ಲಾ ಕೊಟ್ಟು ಮುಗಿಸಿ, ಆಮೇಲೆ ತುಂಬಿಸಿಕೊಂಡು ಬರುವುದು. ಕುಶಾಲನಗರದಿಂದ ಅಂಗಡಿ ಸಾಮಾನು ಹೊತ್ತು ಸೋಮವಾರಪೇಟೆ, ಶನಿವಾರಸಂತೆ ಕಡೆ ಹೋದ ಗಾಡಿ, ಎಲ್ಲಾ ಇಳಿಸಿದ ಮೇಲೆ ಬರುತ್ತಾ ಕಾಳುಮೆಣಸೋ ಶುಂಠಿಯೋ ಹಾಕಿಕೊಂಡು ಬಂದರೆ ಅದು ಈ ಥರ. ಇದಕ್ಕೆ ಬ್ಯಾಕ್‌ಹಾಲ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ರಿಟರ್ನ್ ಲೋಡ್. ತಲೆನೋವು ಕಡಿಮೆ, ಯಾಕೆಂದರೆ ಕೊಡುವ ಸಾಮಾನು ಮತ್ತು ತರುವ ಸಾಮಾನು ಗಾಡಿಯಲ್ಲಿ ಒಂದೇ ಸಲ ಇರುವುದೇ ಇಲ್ಲ. ಆದರೆ ದಾರಿಯಲ್ಲಿ ಸಿಕ್ಕ ಮನೆಗೆ ಎರಡು ಸಲ ಹೋಗಬೇಕಾಗಬಹುದು.

ಎರಡನೆಯದು, ಒಂದೇ ಬಾಗಿಲಲ್ಲಿ ಕೊಟ್ಟು ತೆಗೆದುಕೊಳ್ಳುವುದು. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಗ್ಯಾಸ್ ಸಿಲಿಂಡರ್. ಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಬರೀ ಕಬ್ಬಿಣದ ತೂಕವೇ 15–16 ಕೆಜಿ ಬರುತ್ತದೆ, ಅದನ್ನು ಸಿಲಿಂಡರ್ ಮೇಲೆಯೇ ಬರೆದಿರುತ್ತಾರೆ. ತುಂಬಿದ್ದು ಹತ್ತಿರ ಹತ್ತಿರ 30 ಕೆಜಿ. ಒಂದು ತುಂಬಿದ್ದು ಇಳಿಸಿ ಒಂದು ಖಾಲಿ ಹತ್ತಿಸಿದರೆ ಜಾಗ ಅಷ್ಟೇ ಉಳಿಯುತ್ತದೆ, ಭಾರ ಅರ್ಧಕ್ಕೆ ಇಳಿಯುತ್ತದೆ. ಒಂದಕ್ಕೆ ಒಂದು ಅನ್ನುವ ಈ ನಿಯಮದಿಂದ ಗ್ಯಾಸ್ ಗಾಡಿಗೆ ಎಲ್ಲೂ ಜಾಗ ಮೀರುವ ಭಯವಿಲ್ಲ. ರಸ್ತೆಯಲ್ಲಿ ಸಿಕ್ಕ ಕ್ರಮದಲ್ಲೇ ಒಂದೊಂದು ಮನೆ ಮಾಡಿಕೊಂಡು ಹೋಗಬಹುದು. ಹಿಂದೆ ಹಾಲಿನವರು ತುಂಬಿದ ಬಾಟಲಿ ಇಟ್ಟು ಖಾಲಿ ಬಾಟಲಿ ಎತ್ತಿಕೊಂಡು ಹೋಗುತ್ತಿದ್ದದ್ದೂ ಇದೇ ಲೆಕ್ಕ. ಕಾರ್ಖಾನೆಗಳು ಬಿಡಿಭಾಗ ತರಿಸಿಕೊಳ್ಳುವ ಒಂದು ಪದ್ಧತಿಗೆ ಇವತ್ತಿಗೂ ಮಿಲ್ಕ್ ರನ್ ಅಂತಲೇ ಹೆಸರು.

ನಮ್ಮ ಗೊಬ್ಬರ, ಚೆರಿ ಕೂಡ ಈ ಎರಡನೇ ಥರವೇ. ಆದರೆ ಒಂದಕ್ಕೆ ಒಂದು ಅನ್ನುವ ನಿಯಮ ಇಲ್ಲಿಲ್ಲ. ಒಬ್ಬರಿಗೆ 10 ಕೊಟ್ಟು 4 ತರಬೇಕು, ಇನ್ನೊಬ್ಬರಿಗೆ 6 ಕೊಟ್ಟು 14. ಈ ಏರುಪೇರು ಇದ್ದಾಗಲೇ ಕ್ರಮಕ್ಕೆ ಬೆಲೆ ಬರುವುದು. ಇದನ್ನು ಬೇರೆ ಲೆಕ್ಕವಾಗಿಯೇ ತೆಗೆದುಕೊಂಡು 1989ರಲ್ಲಿ ಹೋಕೀ ಮಿನ್ ಅನ್ನುವವರು ಬರೆದರು. ಅವರ ಉದಾಹರಣೆ ಲೈಬ್ರರಿಯದ್ದು: ಅಮೆರಿಕದ ಒಹಾಯೋದಲ್ಲಿ ಒಂದು ಕೇಂದ್ರ ಲೈಬ್ರರಿಯಿಂದ ಶಾಖೆಗಳಿಗೆ ಪುಸ್ತಕ ಕೊಟ್ಟು, ಅಲ್ಲಿಂದ ವಾಪಸ್ ಬಂದ ಪುಸ್ತಕ ಎತ್ತಿಕೊಂಡು ಬರುವ ಗಾಡಿ.

ಮೂರನೆಯದು, ಒಂದು ಮನೆಯಿಂದ ಎತ್ತಿ ಇನ್ನೊಂದು ಮನೆಗೆ ಮುಟ್ಟಿಸುವುದು. ಇಲ್ಲಿ ಎರಡು ನಿಯಮ ತಪ್ಪುವಂತಿಲ್ಲ. ಎತ್ತುವುದು ಮೊದಲು, ಇಳಿಸುವುದು ಆಮೇಲೆ. ಎತ್ತಿದ ಗಾಡಿಯೇ ಇಳಿಸಬೇಕು. ಹೋಟೆಲ್ ಊಟ ತಂದುಕೊಡುವವರು, ಲೈನ್‌ಮನೆಯಿಂದ ಕಾರ್ಮಿಕರನ್ನು ಬೇರೆ ತೋಟಕ್ಕೆ ಕರೆದೊಯ್ಯುವ ಜೀಪು, ಶಾಲೆ ವ್ಯಾನ್, ಎಲ್ಲಾ ಇದೇ ಥರ. ಸಾಗಿಸುವುದು ಜನರನ್ನಾದರೆ ಇನ್ನೊಂದು ನಿಯಮ ಸೇರುತ್ತದೆ. ಮೂಟೆ ಎಷ್ಟು ಹೊತ್ತು ಗಾಡಿಯಲ್ಲಿ ಕೂತರೂ ಅದಕ್ಕೇನಿಲ್ಲ. ಮೊದಲು ಹತ್ತಿದ ಮಗು ಮಾತ್ರ ಇಡೀ ಊರು ಸುತ್ತಿ ಶಾಲೆ ಸೇರಬಾರದು. ಆದ್ದರಿಂದ ಒಬ್ಬೊಬ್ಬರು ಗಾಡಿಯಲ್ಲಿ ಕೂರುವ ಹೊತ್ತಿಗೂ ಮಿತಿ ಇಡಬೇಕು.

## ಯಾವ ಮೂಟೆ ಮುಂದೆ, ಯಾವುದು ಹಿಂದೆ

ಅಂಕಿಯಲ್ಲಿ ಕೂಡಿದ್ದು ಗಾಡಿಯಲ್ಲಿ ಕೂಡಬೇಕೆಂದಿಲ್ಲ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಮ್ಮ ಕಣಕ್ಕೆ ಪಿಕಪ್ ಬಂದಾಗ ನಮಗೆ ಬೇಕಾದ ನಾಲ್ಕು ಮೂಟೆ ಪೊಟ್ಯಾಷ್ ಗೊಬ್ಬರ ಕ್ಯಾಬಿನ್‌ಗೆ ಒರಗಿಕೊಂಡು ಒಳಗಡೆ ಇತ್ತು. ಅದರ ಹಿಂದೆ, ಬಾಗಿಲಿನ ಕಡೆ, ಹಿಂದಿನ ತೋಟದಲ್ಲಿ ಹತ್ತಿಸಿದ ಒಂಬತ್ತು ಮೂಟೆ ಚೆರಿ. ಡ್ರೈವರ್ ಮತ್ತು ಇಬ್ಬರು ಆಳು ಸೇರಿ ಒಂಬತ್ತೂ ಮೂಟೆ ನೆಲಕ್ಕಿಳಿಸಿ, ನಮ್ಮ ನಾಲ್ಕು ತೆಗೆದು, ಮತ್ತೆ ಒಂಬತ್ತನ್ನೂ ಮೇಲೆತ್ತಿದರು. ಒಂದು ಗೋಣಿಯ ಮೂಲೆ ಹರಿದು ಒಂದು ಬೊಗಸೆ ಚೆರಿ ನೆಲಕ್ಕೆ ಬಿತ್ತು. ಅದನ್ನು ಒಬ್ಬರು ಕೂತು ಕೈಯಲ್ಲಿ ಆಯುತ್ತಿದ್ದರು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಆಯಿತು.

ಕೊಡುವುದು ಮಾತ್ರ ಇದ್ದರೆ ಲೋಡ್ ಮಾಡುವ ಕ್ರಮ ಸುಲಭ. ಕೊನೆಯ ಮನೆಯ ಸಾಮಾನು ಮೊದಲು ಒಳಗೆ, ಮೊದಲ ಮನೆಯದ್ದು ಬಾಗಿಲ ಹತ್ತಿರ. ಬಸ್ಸಿಗೆ ಕೊನೆಗೆ ಹತ್ತಿದವರು ಮೊದಲು ಇಳಿದ ಹಾಗೆ. ಹತ್ತಿಸುವುದೂ ಸೇರಿದ ಕೂಡಲೇ ಈ ಕ್ರಮ ಕೆಡುತ್ತದೆ, ಹೊಸದಾಗಿ ಹತ್ತಿದ್ದೆಲ್ಲ ಬಾಗಿಲಿಗೆ ಅಡ್ಡ ಕೂರುತ್ತದೆ.

ಇದಕ್ಕೆ ಡ್ರೈವರ್‌ಗಳು ಕಂಡುಕೊಂಡ ಉಪಾಯಗಳಿವೆ. ಗಾಡಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ ಗೊಬ್ಬರ, ಬಲಕ್ಕೆ ಚೆರಿ ಅಂತ ಇಟ್ಟುಕೊಳ್ಳುವುದು. ಪಕ್ಕದ ಹಲಗೆ ಬಿಚ್ಚಿ ಇಳಿಸುವಂಥ ಗಾಡಿ ಗೊತ್ತು ಮಾಡುವುದು. ಇಲ್ಲವೇ ತುಂಬಾ ಹತ್ತಿಸಬೇಕಾದ ತೋಟವನ್ನು ರೂಟಿನ ಕೊನೆಗೆ ತಳ್ಳುವುದು. ಈ ಮೂರನೆಯದು ಪುಕ್ಕಟೆ.

ಜಾಗದ ಬಗ್ಗೆ ಇನ್ನೊಂದು ಮಾತು. 50 ಕೆಜಿ ಗೊಬ್ಬರದ ಮೂಟೆಗಿಂತ 50 ಕೆಜಿ ಒಣ ಚೆರಿಯ ಮೂಟೆ ನೋಡಲು ಬಹಳ ದೊಡ್ಡದು. ತೂಕ ಒಂದೇ ಆದರೂ ಚೆರಿ ಜಾಗ ಜಾಸ್ತಿ ತಿನ್ನುತ್ತದೆ. ಹಾಗಾಗಿ ನಿಜವಾದ ಲೆಕ್ಕದಲ್ಲಿ ಎರಡು ಮಿತಿ ನೋಡಬೇಕು: ತೂಕದ್ದು ಒಂದು, ಜಾಗದ್ದು ಇನ್ನೊಂದು. ಮೇಲಿನ ಉದಾಹರಣೆಯಲ್ಲಿ ಸುಲಭಕ್ಕಾಗಿ ಎರಡನ್ನೂ ಒಂದೇ ಮಾಡಿಕೊಂಡಿದ್ದೆ.

## ಕಿಲೋಮೀಟರ್ ಬಿಟ್ಟು ನಿಮಿಷ ನೋಡಿ

ಬಯಲುಸೀಮೆಯಲ್ಲಿ ದೂರ ಕಡಿಮೆ ಮಾಡಿದರೆ ಹೊತ್ತೂ ಕಡಿಮೆಯಾಗುತ್ತದೆ. ಕೊಡಗಿನಲ್ಲಿ ಆ ನಂಬಿಕೆ ಬಹಳ ಸಲ ಕೈ ಕೊಡುತ್ತದೆ. ಗದ್ದೆ ಬಯಲಿನ ಆಚೆ ದಂಡೆಯಲ್ಲಿ ಮನೆ ಕಾಣಿಸುತ್ತದೆ, ಕೂಗಿದರೆ ಓಗೊಡುತ್ತಾರೆ, ಆದರೆ ಗಾಡಿ ಹೋಗಬೇಕಾದರೆ ಗುಡ್ಡ ಬಳಸಿ ಸೇತುವೆ ದಾಟಿ ಹೋಗಬೇಕು. ಫೋನಿನ ಮ್ಯಾಪ್‌ನಲ್ಲಿ ಮನೆಯ ಗುರುತು ತೋಟದ ಹಿಂದಿನ ಗೇಟಿಗೆ ಬಿದ್ದಿರುತ್ತದೆ, ಆ ಗೇಟಿಗೆ ಬೀಗ. ಹತ್ತಿರದ ದಾರಿ ಅಂತ ತೋರಿಸಿದ್ದು ಜೀಪಿಗೆ ಮಾತ್ರ ಆಗುವ ಮಣ್ಣಿನ ದಾರಿ.

ಹಾಗಾಗಿ ಇಲ್ಲಿ ಪ್ಲಾನ್ ಮಾಡುವಾಗ ಮೊದಲು ಬೇಕಾದದ್ದು ಒಂದು ನಿಮಿಷದ ಪಟ್ಟಿ. ಈ ತೋಟದಿಂದ ಆ ತೋಟಕ್ಕೆ ಲೋಡ್ ಗಾಡಿಗೆ ಎಷ್ಟು ನಿಮಿಷ? ಇಳಿಯುವಾಗ ಎಷ್ಟು, ಹತ್ತುವಾಗ ಎಷ್ಟು? ಎರಡೂ ಒಂದೇ ಇರುವುದಿಲ್ಲ. ಇದನ್ನು ಮ್ಯಾಪ್‌ಗಿಂತ ಆ ರಸ್ತೆಯಲ್ಲಿ ದಿನಾ ಓಡಿಸುವ ಡ್ರೈವರ್ ಸರಿಯಾಗಿ ಹೇಳುತ್ತಾರೆ. ಅವರನ್ನು ಕೂರಿಸಿ ಕೇಳಿ ಬರೆದುಕೊಂಡ ಪಟ್ಟಿ ಯಾವ ಸಾಫ್ಟ್‌ವೇರ್‌ಗಿಂತಲೂ ಮುಖ್ಯ.

ಅದರ ಮೇಲೆ ಹೊತ್ತಿನ ಕಟ್ಟುಪಾಡುಗಳು. ಗೋದಾಮು ಸಂಜೆ ಇಷ್ಟು ಗಂಟೆಗೆ ಬಾಗಿಲು ಹಾಕುತ್ತದೆ. ಶುಕ್ರವಾರ ಮಡಿಕೇರಿ ಸಂತೆ, ಪೇಟೆಯೊಳಗೆ ಗಾಡಿ ನುಸುಳುವುದು ಕಷ್ಟ. ತೋಟದಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಮೂಟೆ ಎತ್ತಲು ಆಳು ಸಿಗುವುದಿಲ್ಲ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ಎದುರಾಗಬಹುದು, ಯಾವ ಡ್ರೈವರ್ ಕೂಡ ಅಲ್ಲಿ ಸಂಜೆ ಸ್ಟಾಪ್ ಒಪ್ಪುವುದಿಲ್ಲ, ಒಪ್ಪಿಸಲೂಬಾರದು. ಇಷ್ಟರಿಂದ ಇಷ್ಟರೊಳಗೆ ಹೋಗಿ ಮುಗಿಸಬೇಕು ಅನ್ನುವ ಈ ಗಡುವಿಗೆ ಟೈಮ್ ವಿಂಡೋ ಅಂತ ಹೆಸರು. ಒಂದೊಂದು ಗಡುವು ಸೇರಿದಾಗಲೂ ಸಾಧ್ಯವಿರುವ ರೂಟ್‌ಗಳ ಸಂಖ್ಯೆ ಇಳಿಯುತ್ತದೆ.

## ಎಲ್ಲಾ ಕ್ರಮವನ್ನೂ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದರೆ ಆಯ್ತಲ್ವಾ?

ನಾಲ್ಕು ಸ್ಟಾಪ್ ಇದ್ದಾಗ 24 ಕ್ರಮ. ಕೈಯಲ್ಲೇ ಬರೆಯಬಹುದು. ಹತ್ತು ಸ್ಟಾಪ್ ಆದರೆ 36,28,800. ಹದಿನೈದಾದರೆ ಸುಮಾರು 1.3 ಲಕ್ಷ ಕೋಟಿ. ಒಂದು ಸೆಕೆಂಡಿಗೆ 10 ಲಕ್ಷ ಕ್ರಮ ನೋಡುವ ಕಂಪ್ಯೂಟರ್ ಇಟ್ಟರೂ ಹದಿನೈದು ಸ್ಟಾಪ್‌ಗೆ 15 ದಿನ ಬೇಕು. ಇಪ್ಪತ್ತು ಸ್ಟಾಪ್ ಆದರೆ ಅದೇ ಕಂಪ್ಯೂಟರ್‌ಗೆ ಸುಮಾರು 77 ಸಾವಿರ ವರ್ಷ ಹಿಡಿಯುತ್ತದೆ. ಒಂದು ಪಾರ್ಸೆಲ್ ವ್ಯಾನ್ ಒಂದು ದಿನಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಮನೆಗೆ ಹೋಗುವುದು ಸಾಮಾನ್ಯ.

ಸ್ಟಾಪ್ ಒಂದು ಹೆಚ್ಚಾದರೆ ಕೆಲಸ ಒಂದು ಪಾಲು ಹೆಚ್ಚುವುದಿಲ್ಲ, ಹತ್ತು ಹದಿನೈದು ಪಟ್ಟು ಹೆಚ್ಚುತ್ತದೆ. ಜಾಣತನದ ಗಣಿತ ಬಳಸಿ ಬೇಡದ ಕ್ರಮಗಳನ್ನು ಗುಂಪುಗುಂಪಾಗಿ ಬಿಟ್ಟುಬಿಡಬಹುದು, ಹಾಗೆ ಮಾಡಿ ದೊಡ್ಡ ಲೆಕ್ಕಗಳನ್ನೂ ಪೂರ್ತಿ ಬಿಡಿಸಿದ್ದಾರೆ. ಆದರೆ ಬೆಳಿಗ್ಗೆ ಏಳಕ್ಕೆ ಗಾಡಿ ಹೊರಡಬೇಕಾದ ಜಾಗದಲ್ಲಿ ಅಷ್ಟು ಕಾಯಲು ಆಗುವುದಿಲ್ಲ. ಅಲ್ಲಿ ಬೇಕಾದದ್ದು ಎಲ್ಲಕ್ಕಿಂತ ಒಳ್ಳೆಯ ರೂಟ್ ಅಲ್ಲದಿದ್ದರೂ ಅದರ ತೀರಾ ಹತ್ತಿರದ್ದು, ಅದೂ ಕೆಲವೇ ನಿಮಿಷದಲ್ಲಿ.

## ಹಾಗಾದರೆ ಒಳ್ಳೆಯ ರೂಟ್ ಹೇಗೆ ಹುಡುಕುತ್ತಾರೆ?

ಯಾರಿಗಾದರೂ ಮೊದಲು ಹೊಳೆಯುವುದು, ಯಾವಾಗಲೂ ಹತ್ತಿರದ ಮನೆಗೆ ಹೋಗು ಅನ್ನುವ ಉಪಾಯ. ಶುರುವಿನಲ್ಲಿ ಚೆನ್ನಾಗಿಯೇ ಸಾಗುತ್ತದೆ. ಕೊನೆಗೆ ಅಲ್ಲೊಂದು ಇಲ್ಲೊಂದು ಮನೆ ಉಳಿದು, ಅದಕ್ಕಾಗಿ ಇಡೀ ತಾಲ್ಲೂಕು ಸುತ್ತಬೇಕಾಗುತ್ತದೆ. ನಮ್ಮ ಲೆಕ್ಕದಲ್ಲಂತೂ ಹತ್ತಿರದ ಮೂರ್ನಾಡಿಗೆ ಮೊದಲು ಹೋದರೆ ಅಲ್ಲಿಗೇ ಮುಗಿಯಿತು.

ಇದಕ್ಕಿಂತ ಒಳ್ಳೆಯದು ಉಳಿತಾಯದ ಲೆಕ್ಕ. ಇಂಗ್ಲೆಂಡಿನ ಕ್ಲಾರ್ಕ್ ಮತ್ತು ರೈಟ್ 1964ರಲ್ಲಿ ಇದನ್ನು ಬರೆದರು, ಇವತ್ತಿಗೂ ಬಳಕೆಯಲ್ಲಿದೆ. ಮೊದಲು ಪ್ರತಿ ಮನೆಗೂ ಬೇರೆ ಬೇರೆ ಟ್ರಿಪ್ ಅಂತ ಅಂದುಕೊಳ್ಳಿ. ಡಿಪೋದಿಂದ ಒಂದು ಮನೆ 10 ಕಿ.ಮೀ., ಇನ್ನೊಂದು 12 ಕಿ.ಮೀ., ಅವೆರಡರ ನಡುವೆ 4 ಕಿ.ಮೀ. ಬೇರೆ ಬೇರೆ ಹೋಗಿ ಬಂದರೆ 20 ಮತ್ತು 24, ಒಟ್ಟು 44. ಒಂದೇ ಟ್ರಿಪ್‌ನಲ್ಲಿ ಸೇರಿಸಿದರೆ 10, 4, 12, ಒಟ್ಟು 26. ಉಳಿದದ್ದು 18. ಎಲ್ಲಾ ಜೋಡಿಗಳಿಗೂ ಹೀಗೆ ಉಳಿತಾಯ ಬರೆದು, ಜಾಸ್ತಿ ಉಳಿಸುವ ಜೋಡಿಯನ್ನು ಮೊದಲು ಸೇರಿಸುತ್ತಾ ಹೋಗುವುದು. ಸೇರಿಸುವ ಪ್ರತಿ ಸಲವೂ ಲೋಡ್ ಎಲ್ಲಾದರೂ 30 ದಾಟಿತಾ ಅಂತ ನೋಡುವುದು. ದಾಟಿದರೆ ಆ ಜೋಡಿ ಬಿಟ್ಟು ಮುಂದಿನದು.

ಹೀಗೆ ಒಂದು ರೂಟ್ ಸಿಕ್ಕ ಮೇಲೆ ಅದನ್ನು ತಿದ್ದುವ ಕೆಲಸ. ಮ್ಯಾಪ್ ಮೇಲೆ ಗೆರೆ ಎಳೆದಾಗ ಒಂದು ಗೆರೆ ಇನ್ನೊಂದನ್ನು ಕತ್ತರಿಸಿದರೆ ಅಲ್ಲಿ ಸುಮ್ನೆ ಸುತ್ತುತ್ತಿದ್ದೇವೆ ಅಂತ ಅನುಮಾನ ಪಡಬೇಕು, ಆ ತುಂಡನ್ನು ತಿರುಗಿಸಿ ಜೋಡಿಸಿ ನೋಡಬೇಕು. ಒಂದು ಮನೆಯನ್ನು ಅದರ ಜಾಗದಿಂದ ತೆಗೆದು ಬೇರೆ ಜಾಗದಲ್ಲಿ ತೂರಿಸಿ ನೋಡಬೇಕು. ಎರಡು ಗಾಡಿ ಇದ್ದರೆ ಈ ಗಾಡಿಯ ಮನೆ ಆ ಗಾಡಿಗೆ ಕೊಟ್ಟು ನೋಡಬೇಕು. ಒಳ್ಳೆಯದಾದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಬಿಡುವುದು.

ಇನ್ನೂ ಮುಂದೆ ಹೋದವರು ಡೆನ್ಮಾರ್ಕಿನ ರೋಪ್ಕೆ ಮತ್ತು ಪಿಸಿಂಗರ್. 2006ರಲ್ಲಿ ಅವರು ಬರೆದ ಉಪಾಯವನ್ನು ನಮ್ಮ ಮಾತಲ್ಲಿ ಕಿತ್ತು ಕಟ್ಟುವುದು ಅನ್ನಬಹುದು. ಇದ್ದ ರೂಟಿನಿಂದ ಒಂದಷ್ಟು ಮನೆಗಳನ್ನು ಒಟ್ಟಿಗೆ ಕಿತ್ತು ಹೊರಗಿಡುವುದು, ಆಮೇಲೆ ಒಂದೊಂದನ್ನೂ ಹೊಂದುವ ಜಾಗದಲ್ಲಿ ಮತ್ತೆ ಕೂರಿಸುವುದು. ಕೀಳುವ ರೀತಿ ಹಲವು, ಕಟ್ಟುವ ರೀತಿ ಹಲವು. ಯಾವ ರೀತಿಯಿಂದ ಲಾಭ ಆಗುತ್ತಿದೆಯೋ ಅದನ್ನು ಕಂಪ್ಯೂಟರ್ ಜಾಸ್ತಿ ಬಳಸುತ್ತಾ ಹೋಗುತ್ತದೆ. ನಡುವೆ ಸ್ವಲ್ಪ ಕೆಟ್ಟ ರೂಟ್ ಬಂದರೂ ಕೆಲವು ಸಲ ಒಪ್ಪಿಕೊಳ್ಳುತ್ತದೆ. ಗುಡ್ಡ ಹತ್ತುವಾಗ ಒಂದು ಸಣ್ಣ ದಿಣ್ಣೆಯ ತುದಿಯಲ್ಲೇ ನಿಂತುಬಿಟ್ಟರೆ ದೊಡ್ಡ ಬೆಟ್ಟ ಸಿಗುವುದಿಲ್ಲ, ಸ್ವಲ್ಪ ಇಳಿದು ಮತ್ತೆ ಹತ್ತಬೇಕಲ್ಲ, ಹಾಗೆ.

ಇವನ್ನೆಲ್ಲ ನಾವೇ ಬರೆಯಬೇಕಾಗಿಲ್ಲ. ಗೂಗಲ್‌ನ ಓಆರ್-ಟೂಲ್ಸ್ ಪುಕ್ಕಟೆ ಸಿಗುತ್ತದೆ. ಗಾಡಿಯ ಸಾಮರ್ಥ್ಯ, ಹೊತ್ತಿನ ಗಡುವು, ಎತ್ತುವ–ಇಳಿಸುವ ಜೋಡಿ, ಎಲ್ಲವನ್ನೂ ಅದಕ್ಕೆ ಹೇಳಬಹುದು. ಸ್ವಲ್ಪ ಪ್ರೋಗ್ರಾಂ ಬರೆಯಲು ಬರುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಒಂದು ವಾರಾಂತ್ಯದ ಕೆಲಸ.

## ತರುವ ಪಾರ್ಸೆಲ್ ವ್ಯಾನ್ ವಾಪಸ್ ಪಾರ್ಸೆಲ್ ಯಾಕೆ ಒಯ್ಯುವುದಿಲ್ಲ?

ಈ ಪ್ರಶ್ನೆ ನನ್ನನ್ನು ಬಹಳ ಜನ ಕೇಳಿದ್ದಾರೆ. ನನಗೂ ಆಗಿದೆ: ಒಂದು ಪಾರ್ಸೆಲ್ ಕೊಟ್ಟು ಹೋದರು, ಪಕ್ಕದಲ್ಲೇ ಇದ್ದ ವಾಪಸ್ ಡಬ್ಬ ಮುಟ್ಟಲಿಲ್ಲ, ಮರುದಿನ ಅದಕ್ಕೇ ಇನ್ನೊಬ್ಬರು ಅಷ್ಟು ದೂರ ಬಂದರು. ನೋಡುವಾಗ ಡೀಸೆಲ್ ದಂಡ ಅನ್ನಿಸುತ್ತದೆ. ಕಾರಣ ಹೆಚ್ಚಾಗಿ ಮೇಲಿನ ಲೆಕ್ಕದಲ್ಲೇ ಇದೆ. ಆ ವ್ಯಾನಿನ ರೂಟ್ ಬೆಳಿಗ್ಗೆಯೇ ತಯಾರಾಗಿರುತ್ತದೆ, ಅದರಲ್ಲಿ ನಿಮ್ಮ ಡಬ್ಬಕ್ಕೆ ಜಾಗ ಎಣಿಸಿಲ್ಲ. ಬೆಳಗ್ಗಿನ ಹೊತ್ತು ವ್ಯಾನ್ ತುಂಬಿರುತ್ತದೆ, ಶುರುವಿನ ಮನೆಗಳಿಂದಲೇ ವಾಪಸ್ ಡಬ್ಬ ಹತ್ತಿಸುತ್ತಾ ಹೋದರೆ ಕೊಡಬೇಕಾದ್ದು ಅಡಿಗೆ ಸೇರುತ್ತದೆ. ಕೆಲವು ಕಡೆ ಕೊಡುವವರಿಗೂ ತರುವವರಿಗೂ ಬೇರೆ ಬೇರೆ ಗುತ್ತಿಗೆ. ಎರಡನ್ನೂ ಒಂದೇ ಗಾಡಿಗೆ ಸೇರಿಸಿದರೆ ಓಡುವ ದೂರ ಖಂಡಿತ ಇಳಿಯುತ್ತದೆ, ಆದರೆ ಸೇರಿಸಬೇಕಾದ್ದು ಹಿಂದಿನ ರಾತ್ರಿಯ ಪಟ್ಟಿಯಲ್ಲಿ. ಬಾಗಿಲಲ್ಲಿ ನಿಂತು ಡ್ರೈವರ್ ಹತ್ತಿರ ಕೇಳಿದರೆ ಅವರ ಕೈಯಲ್ಲಿ ಅದಿಲ್ಲ.

## ದಾರಿ ಮಧ್ಯೆ ಕೆಟ್ಟರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಯಾವ ರೂಟೂ ಪೂರ್ತಿ ನಂಬುವಂಥದ್ದಲ್ಲ. ಮರ ಬೀಳುತ್ತದೆ, ರಸ್ತೆ ಪಕ್ಕದ ಗುಡ್ಡದ ಬರೆ ಜರಿಯುತ್ತದೆ, ಭಾಗಮಂಡಲದಲ್ಲಿ ನೀರು ರಸ್ತೆಗೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋಗಿ ಮಂಗಳೂರು ಕಡೆಯ ಗಾಡಿಗಳೆಲ್ಲ ಬೇರೆ ದಾರಿ ಹಿಡಿದದ್ದು ನಮಗೆ ನೆನಪಿದೆ. ಮಳೆ ಜೋರಾದಾಗ ಭಾರೀ ಸರಕು ವಾಹನಗಳನ್ನು ಜಿಲ್ಲಾಡಳಿತ ನಿರ್ಬಂಧಿಸುವುದೂ ಇದೆ.

ದಾರಿ ಮಧ್ಯೆ ರೂಟ್ ಬದಲಾಯಿಸುವಾಗ ಒಂದು ವಿಷಯ ಮರೆಯಬಾರದು. ಗಾಡಿ ಈಗ ಎಲ್ಲಿದೆ ಅನ್ನುವುದರ ಜೊತೆಗೆ, ಈಗ ಅದರಲ್ಲಿ ಏನಿದೆ ಅಂತಲೂ ನೋಡಬೇಕು. ಕಕ್ಕಬ್ಬೆಯಿಂದ ಕಡಂಗದ ದಾರಿಗೆ ಮರ ಬಿದ್ದಿದೆ ಅನ್ನಿ. ಗಾಡಿ ನಾಪೋಕ್ಲಿನ ಮೇಲೆ ಮೂರ್ನಾಡಿಗೆ ವಾಪಸ್ ಬರುತ್ತದೆ. ಅದರಲ್ಲಿ 23 ಮೂಟೆ. ಈಗ ದಾರಿಯಲ್ಲೇ ಸಿಕ್ಕಿತಲ್ಲ ಅಂತ ಮೂರ್ನಾಡಿನಲ್ಲಿ ಎಲ್ಲಾ ಹತ್ತಿಸಲು ಹೋದರೆ 31 ಆಗುತ್ತದೆ. ಒಂದೇ ಒಂದು ಮೂಟೆಗೆ ತಪ್ಪಿತು. ಮೊದಲು ವಿರಾಜಪೇಟೆಗೆ ಹೋಗಿ 4 ಇಳಿಸಿ 3 ಹತ್ತಿಸಿ ಬಂದರೆ ಮತ್ತೆ 22, ಆಗ ಮೂರ್ನಾಡು ಕೂಡುತ್ತದೆ. ಆ ದಿನ ಮೂರ್ನಾಡಿನವರು ಗಾಡಿ ಎರಡನೇ ಸಲವೂ ಮುಂದೆ ಹೋಗುವುದನ್ನು ನೋಡಬೇಕಾಗುತ್ತದೆ.

## ಇದನ್ನು ಹಾಳೆಯ ಮೇಲೆ ಮಾಡುವುದು

ಐದಾರು ತೋಟಕ್ಕೆ ಕಂಪ್ಯೂಟರ್ ಬೇಡ. ನಾವು ಈಗ ಮಾಡುವುದು ಇಷ್ಟು. ಹಿಂದಿನ ದಿನ ಸಂಜೆ ಏಳರೊಳಗೆ ಪ್ರತಿಯೊಬ್ಬರೂ ಗುಂಪಿನಲ್ಲಿ ನಾಲ್ಕು ವಿಷಯ ಬರೆಯಬೇಕು: ಎಷ್ಟು ಮೂಟೆ ಇಳಿಸಬೇಕು, ಎಷ್ಟು ಹತ್ತಿಸಬೇಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಆಳು ಇರುತ್ತಾರೆ, ಗೇಟಿನ ಕೀ ಯಾರ ಹತ್ತಿರ ಇದೆ. ಇಳಿಸುವುದರಿಂದ ಹತ್ತಿಸುವುದನ್ನು ಕಳೆದು, ಗಾಡಿಯನ್ನು ಜಾಸ್ತಿ ಖಾಲಿ ಮಾಡುವ ತೋಟಗಳನ್ನು ಪಟ್ಟಿಯ ಮೇಲೆ, ಜಾಸ್ತಿ ತುಂಬಿಸುವ ತೋಟಗಳನ್ನು ಕೆಳಗೆ ಬರೆಯುತ್ತೇವೆ. ಆಮೇಲೆ ರಸ್ತೆಗೆ ಹೊಂದುವ ಹಾಗೆ ಅಕ್ಕಪಕ್ಕದ್ದನ್ನು ಸ್ವಲ್ಪ ಆಚೀಚೆ ಮಾಡುತ್ತೇವೆ. ಪ್ರತಿ ಸಾಲಿನ ಮುಂದೆ ಗಾಡಿಯಲ್ಲಿ ಉಳಿಯುವ ಮೂಟೆ ಬರೆಯುತ್ತೇವೆ. ಯಾವ ಸಾಲಿನಲ್ಲೂ 30 ದಾಟಬಾರದು. ದಾಟಿದರೆ ಆ ತೋಟವನ್ನು ಕೆಳಗೆ ಇಳಿಸುವುದು, ಆಗಲೂ ಆಗದಿದ್ದರೆ ಆ ತೋಟದ ಚೆರಿ ಅರ್ಧ ಇವತ್ತು, ಅರ್ಧ ನಾಳೆ.

ಕೊನೆಗೆ ಆ ಪಟ್ಟಿಯನ್ನು ಡ್ರೈವರ್ ನೋಡುತ್ತಾರೆ. ಮೊನ್ನೆ ಅವರು ಒಂದು ಕಡೆ ಬೆರಳಿಟ್ಟು, "ಅಲ್ಲಿ ಹನ್ನೊಂದರ ಮೇಲೆ ಬಿಸಿಲಿಗೆ ಕಣದ ತುಂಬಾ ಚೆರಿ ಹರಡಿರ್ತಾರೆ ಅಣ್ಣ, ಗಾಡಿ ತಿರುಗಿಸೋಕೆ ಜಾಗ ಇರಲ್ಲ" ಅಂದರು. ಆ ತೋಟವನ್ನು ಎರಡು ಸಾಲು ಮೇಲೆ ಹಾಕಿದೆವು.

ಮೂರ್ನಾಡಿನವರಿಗೆ ಈಗ ರಾತ್ರಿಯೇ ಸಂದೇಶ ಹೋಗುತ್ತದೆ: ನಾಳೆ ನಿಮ್ಮದು ಕೊನೆಯ ಸ್ಟಾಪ್, ನಾಲ್ಕರಿಂದ ಐದರೊಳಗೆ. ಅವರು ಹಮಾಲಿ ಆಳುಗಳನ್ನು ಮೂರೂವರೆವರೆಗೆ ಕೊಯ್ಲಿಗೆ ಹಾಕಿ, ಆಮೇಲೆ ಕಣಕ್ಕೆ ಕರೆಯುತ್ತಾರೆ.